ಕತ್ತಿನ ಗಂಟು: ಕ್ಷಯವೋ, ಲಿಂಫೋಮಾವೋ?

ಕೇಳುಗರೇ, ನಮಸ್ಕಾರ.

ಕತ್ತಿನಲ್ಲಿ ನೋವಿಲ್ಲದ ಗಂಟು, ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ. ಇಷ್ಟನ್ನು ಹೇಳಿಕೊಂಡು ಬಂದವರಿಗೆ ಕ್ಷಯವಿರಬಹುದು, ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾವೂ ಇರಬಹುದು. ಈ ಗೊಂದಲ ಹಳೆಯದು. ರಾಬರ್ಟ್ ಕಾಖ್ 1882ರಲ್ಲಿಯೇ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿದ್ದರೂ, ಲಿಂಫೋಮಾದ ಒಂದು ಬಗೆಯಾದ ಹಾಡ್ಜ್‌ಕಿನ್ ಲಿಂಫೋಮಾದ ದೈತ್ಯಕೋಶಗಳನ್ನು 1898ರಲ್ಲಿ ವರ್ಣಿಸಿದ ಕಾರ್ಲ್ ಸ್ಟರ್ನ್‌ಬರ್ಗ್ ಆ ರೋಗವನ್ನು ಕ್ಷಯದ್ದೇ ಒಂದು ವಿಚಿತ್ರ ರೂಪವೆಂದು ಭಾವಿಸಿದ್ದರು. ಅದು ಬೇರೆಯೇ ರೋಗವೆಂದು 1902ರಲ್ಲಿ ಡೊರೊಥಿ ರೀಡ್ ಪ್ರತಿಪಾದಿಸಿದರು.

ಕ್ಷಯದ ಗ್ರಂಥಿಗಳು ಒಂದಕ್ಕೊಂದು ಅಂಟಿಕೊಂಡು, ಕೆಲವೊಮ್ಮೆ ಚರ್ಮ ಒಡೆದು ಸೋರುವುದುಂಟು; ಲಿಂಫೋಮಾದವು ರಬ್ಬರಿನಂತೆ ಬಿಗಿಯಾಗಿ, ಬಿಡಿಬಿಡಿಯಾಗಿರುವುದುಂಟು. ಇದು ಸುಳಿವೇ ಹೊರತು ಸಾಕ್ಷ್ಯವಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಕ್ಷಯದ ಸೋಂಕು ಎಂದೋ ತಗುಲಿರಬಹುದೆಂಬುದನ್ನಷ್ಟೇ ಸೂಚಿಸುತ್ತದೆ. ದೇಹದಲ್ಲಿ ಚುರುಕಾಗಿರುವ ಕೋಶಗಳನ್ನು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಎರಡೂ ರೋಗಗಳು ಹೊಳೆಯುತ್ತವೆ.

ಕೊನೆಗೆ ಮಾತನಾಡಬೇಕಾದದ್ದು ಗ್ರಂಥಿಯ ಅಂಗಾಂಶವೇ. ಕ್ಷಯವಾದರೆ ಸೂಜಿಯಿಂದ ಎಳೆದ ಅಲ್ಪ ದ್ರವದಲ್ಲಿಯೇ ಅನೇಕ ವೇಳೆ ಉತ್ತರ ಸಿಗುತ್ತದೆ. ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು 2 ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ. ಲಿಂಫೋಮಾ ಹಾಗಲ್ಲ. ಅಲ್ಲಿ ಬಿಡಿ ಕೋಶಗಳು ಸಾಲವು, ಗ್ರಂಥಿಯ ಒಳರಚನೆ ಹೇಗೆ ಕೆಟ್ಟಿದೆಯೆಂಬುದನ್ನೂ ನೋಡಬೇಕಾದ್ದರಿಂದ, ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವುದು ಒಳಿತು. ಸೂಜಿ ಪರೀಕ್ಷೆಯ ವರದಿಯಲ್ಲಿ ಗ್ರಾನ್ಯುಲೋಮಾ, ಅಂದರೆ ರೋಗನಿರೋಧಕ ಕೋಶಗಳ ಪುಟ್ಟ ಗುಂಪು, ಎಂಬ ಪದ ಕಂಡೊಡನೆ ಕ್ಷಯವೆಂದು ತೀರ್ಮಾನಿಸುವುದು ಅವಸರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾಡ್ಜ್‌ಕಿನ್ ಲಿಂಫೋಮಾದಲ್ಲಿಯೂ ಅವು ಕಾಣಿಸಿಕೊಳ್ಳುತ್ತವೆ. ಇನ್ನೊಂದು ಮಾತು, ಚಿಕ್ಕದೆನಿಸಿದರೂ ಹೇಳಲೇಬೇಕಾದದ್ದು: ತೆಗೆದ ಗ್ರಂಥಿಯನ್ನು ಪೂರ್ತಿಯಾಗಿ, ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣುಗಳು ಸತ್ತು, ಅವುಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಅಸಾಧ್ಯವಾಗುತ್ತದೆ. ಒಂದು ತುಂಡನ್ನು ಸಲೈನಿನಲ್ಲಿ ಪ್ರತ್ಯೇಕವಾಗಿ ಕಳುಹಿಸುವಿರಾ ಎಂದು ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳಬಹುದು.

ಅಂಗಾಂಶ ತೆಗೆಯುವ ಮುನ್ನ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕುಗ್ಗಿ, ರೋಗದ ಗುರುತೇ ಮಸುಕಾಗಬಹುದು. ಕ್ಷಯದ ಔಷಧಿ ನಡೆಯುತ್ತಿರುವಾಗ ಗಂಟು ಹಿಗ್ಗಿದರೆ ಅದು ಔಷಧಿ ಸೋತದ್ದರ ಲಕ್ಷಣವೇ ಆಗಬೇಕೆಂದಿಲ್ಲ; ರೋಗ ವಾಸಿಯಾಗುತ್ತಿರುವಾಗಲೂ ದೇಹದ ಪ್ರತಿರೋಧ ಚುರುಕಾಗಿ ಗ್ರಂಥಿಗಳು ಊದಿಕೊಳ್ಳುತ್ತವೆ. ಆದರೆ ರೋಗಾಣು ಎಲ್ಲಿಯೂ ಸಿಗದೆ, ಕೇವಲ ಅಂದಾಜಿನ ಮೇಲೆ ಔಷಧಿ ಆರಂಭಿಸಿದ್ದು, ಎರಡು ತಿಂಗಳಾದರೂ ಜ್ವರ ನಿಲ್ಲದೆ ತೂಕ ಇಳಿಯುತ್ತಲೇ ಇದ್ದರೆ, ಅದೇ ಮಾತ್ರೆಗಳನ್ನು ಮುಂದುವರಿಸಿ ಕಾಯುವ ಬದಲು ಮತ್ತೊಮ್ಮೆ ಬಯಾಪ್ಸಿ, ಅಂದರೆ ಅಂಗಾಂಶದ ಪರೀಕ್ಷೆ, ಮಾಡಿಸಬೇಕು. ಕ್ಷಯ ಖಚಿತವಾಗಿದ್ದವರಲ್ಲಿಯೂ ಈ ಮಾತು ಅನ್ವಯಿಸಬಹುದು, ಎರಡೂ ರೋಗಗಳು ಒಬ್ಬರಲ್ಲಿಯೇ ಒಟ್ಟಿಗೆ ಇರುವುದುಂಟು.