ಹೆಳವರ ಪುಸ್ತಕದಲ್ಲಿದ್ದ ಅಣ್ಣ

ಕೇಳುಗರಿಗೆ ನಮಸ್ಕಾರ.

ಸುಗ್ಗಿ ಮುಗಿದು ರಾಶಿ ಮನೆ ಸೇರಿತೆಂದರೆ ನಮ್ಮ ಬೆಳಗಾವಿ, ವಿಜಯಪುರ ಕಡೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಮೋಟಾರ್ ಸೈಕಲ್ ಬಂದಿದೆ. ಮೂಲ ಊರು, ಬೆಡಗು ಎಂದರೆ ವಂಶದ ಕವಲು, ಮನೆದೇವರು, ಯಾರ ಮಗ ಯಾರು, ಎಲ್ಲವನ್ನೂ ನಿಂತಲ್ಲೇ ಒಪ್ಪಿಸುವುದು ಅವರ ಕುಲಕಸುಬು. ಕಾಳು, ಬಟ್ಟೆ, ದುಡ್ಡು ಪಡೆದು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಮುಂದಿನ ಒಕ್ಕಲಿನ, ಅಂದರೆ ತಮ್ಮ ಪಾಲಿಗೆ ಬಂದ ಇನ್ನೊಂದು ಕುಟುಂಬದ, ಮನೆಗೆ ಹೋಗುತ್ತಾರೆ. ಚಿಕ್ಕವನಿದ್ದಾಗ ನಾನು ಇದನ್ನು ಭಿಕ್ಷೆಯೆಂದೇ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟೆಯ ಮೇಲೆ ಕುಳಿತ ಹೆಳವರು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಉದ್ದನೆಯ ಪುಸ್ತಕ ತೆಗೆದು ಓದತೊಡಗಿದರು. ಮುತ್ತಜ್ಜನ ಹೆಸರಿಗಿಂತ ಮೊದಲು ನಾವೆಂದೂ ಕೇಳದ ಇನ್ನೊಂದು ಹೆಸರು ಬಂತು. "ಇವರು ಯಾರು?" ಎಂದೆ.

"ನಿಮ್ಮ ಮುತ್ತಜ್ಜನ ಅಣ್ಣ. ದೊಡ್ಡ ಬರದಲ್ಲಿ ಸೊಲ್ಲಾಪುರಕ್ಕೆ ಹೋದವರು" ಎಂದರು, ನೆರೆಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ.

ದೊಡ್ಡ ಬರವೆಂದರೆ 1876ರಿಂದ 1878ರವರೆಗಿನದು. ಬಿಜಾಪುರ ಸೀಮೆಯ ಜನ ಗುಳೆ ಎದ್ದ ಕಾಲ. ಹೋದವರು ತಿರುಗಿ ಬರದಿದ್ದರೆ ಸತ್ತರೆಂದು ತಿಳಿಯುವುದು ಸಹಜ. ಹೆಸರೇ ಅಳಿಸಿಹೋಗುವುದು ಸಹಜವಲ್ಲ. ಇಬ್ಬರ ಪಾಲಿನ ಹೊಲವನ್ನು ಒಬ್ಬರೇ ಉತ್ತ ಮನೆಗೆ ಇಂಥ ಮರೆವು ಬೇಗ ಬರುತ್ತದೆ ಎಂಬುದು ನನ್ನ ಗುಮಾನಿ. ಕಾಕಾ ಮೊದಲು ಕೇಳಿದ್ದೇ "ಅವರ ಕಡೆಯವರು ಯಾರಾದರೂ ಇದ್ದಾರೆಯೇ? ವಾರಸಾ ಹಕ್ಕು ಕೇಳುತ್ತಾರೆಯೇ?" ಎಂದು.

ಇದ್ದರು. ಆ ಮನೆ ನಮ್ಮ ಹೆಳವರ ದಾಯಾದಿಯ ಒಕ್ಕಲು. ಫೋನ್ ನಂಬರ್ ಸಿಗಲು ಎರಡು ದಿನವೂ ಹಿಡಿಯಲಿಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಗುಡ್ಡಾಪುರದ ದಾನಮ್ಮನ ಗುಡಿಯಲ್ಲಿ ಭೇಟಿಯಾದೆವು. ಎರಡೂ ಮನೆಯವರು ನಡೆದುಕೊಳ್ಳುವುದು ಅದೇ ದೇವರಿಗೆ. ಎಷ್ಟು ಸಲ ಒಂದೇ ಪಾಳಿಯಲ್ಲಿ ಹಿಂದೆ ಮುಂದೆ ನಿಂತಿದ್ದೆವೋ! ಅವರು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವ ಜನ. ಹೊಲದ ಮಾತು ಅವರು ಎತ್ತಲೇ ಇಲ್ಲ. ಹಿರಿಯರೊಬ್ಬರು ಸೊಲ್ಲಾಪುರದ ಚಾದರವನ್ನು ಕಾಕಾನ ಹೆಗಲಿಗೆ ಹೊದಿಸಿದರು. ಬಿಸಿಲಿನಲ್ಲೂ ಕಾಕಾ ಅದನ್ನು ತೆಗೆಯಲಿಲ್ಲ.

ಒಂದು ತಕರಾರು ಮಾತ್ರ ನನ್ನದು. ನಮ್ಮ ಮನೆಯ ಪುಟಗಳಲ್ಲಿ ಇರುವುದೆಲ್ಲ ಗಂಡುಮಕ್ಕಳು. ಕೊಟ್ಟ ಹೆಣ್ಣುಮಕ್ಕಳನ್ನು ಹುಡುಕಲು ನಾನು ಹಳೆಯ ಮದುವೆಗಳ ಆಹೇರಿ ಯಾದಿ ತಿರುವಬೇಕಾಯಿತು: ಯಾವ ಊರಿನಿಂದ ಯಾರು ಸೀರೆ ತಂದರು, ಯಾರು ಎರಡು ರೂಪಾಯಿ ಓದಿಸಿದರು ಎಂಬ ಲೆಕ್ಕ.

ಮರುವರ್ಷ ಹೆಳವರು ಬಂದಾಗ ನನ್ನ ಮಗಳ ಹೆಸರನ್ನೂ ಬರೆಯಿರಿ ಎಂದೆ. ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಬರೆಯೋಣ. ಹೊಸ ಪದ್ಧತಿ, ಒಂದು ಚೀಲ ಜೋಳ ಹೆಚ್ಚಿಗೆ ಆಗುತ್ತದೆ" ಎಂದರು.

ಕೊಟ್ಟೆ.