ಸೋಡಿಯಂ ಚಾನೆಲ್‌ಗೆ ಬಿರಡೆ ಬರೆಸೋದು ನಿಲ್ಲಿಸೋಣ

ನಮಸ್ಕಾರ ಎಲ್ಲರಿಗೂ. ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ, ಹೊರಗೆ ಜೋರು ಮಳೆ, ಹೆಂಚಿನ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಮೊನ್ನೆ ಪಾಠಕ್ಕೆ ಬರುವ ಹುಡುಗಿಯೊಬ್ಬಳು ನೋಟ್ಸ್ ತೋರಿಸಿದಳು. ನರದ ಸೋಡಿಯಂ ಚಾನೆಲ್‌ನ ಚಿತ್ರ, ಅಂದರೆ ನರಕೋಶದ ಪೊರೆಯಲ್ಲಿ ವೋಲ್ಟೇಜ್ ಬದಲಾದಾಗ ತೆರೆದು ಸೋಡಿಯಂ ಒಳಗೆ ಬಿಡುವ ಪ್ರೋಟೀನ್ ಬಾಗಿಲು. ಕೆಳಗೆ ಸರಪಳಿಗೆ ಕಟ್ಟಿದ ಒಂದು ಗುಂಡು, ಅದು ಹೋಗಿ ಬಾಟಲಿಗೆ ಬಿರಡೆ ಹಾಕಿದ ಹಾಗೆ ತೂತಿನಲ್ಲಿ ಕೂತಿದೆ. "ಇನ್‌ಆಕ್ಟಿವೇಶನ್ ಅಂದ್ರೆ ಇದೇ ಅಲ್ವಾ ಮೇಡಂ?" ಅಂದಳು. ತೆರೆದ ಚಾನೆಲ್ ತಾನೇ ಮುಚ್ಚಿಕೊಳ್ಳುವುದಕ್ಕೆ ಆ ಹೆಸರು. ಬೇಜಾರಾಯಿತು. ಎಷ್ಟೋ ವರ್ಷ ನಾನೂ ಇದನ್ನೇ ಬರೆಸಿದ್ದೇನೆ.

ಗುಂಡಿನ ಕಥೆ ಸುಮ್ನೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಬೆಸಾನಿಯಾ ಅನ್ನುವ ವಿಜ್ಞಾನಿಗಳು ಸ್ಕ್ವಿಡ್ ಅನ್ನುವ ಕಡಲಜೀವಿಯ ದಪ್ಪ ನರದ ಒಳಗೆ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಯಿಸಿದರು. ಚಾನೆಲ್ ಎಂದಿನಂತೆ ತೆರೆಯಿತು, ಆದರೆ ಒಂದೆರಡು ಮಿಲಿಸೆಕೆಂಡಿನಲ್ಲಿ ತಾನೇ ಮುಚ್ಚಿಕೊಳ್ಳುತ್ತಿತ್ತಲ್ಲ, ಅದು ನಿಂತೇ ಹೋಯಿತು. ಮುಚ್ಚುವ ಭಾಗ ಜೀವಕೋಶದ ಒಳಬದಿಯಲ್ಲಿದೆ ಅಂತ ಗೊತ್ತಾಯಿತು. 1990ರಲ್ಲಿ ಹಣ್ಣಿನ ನೊಣದ ಶೇಕರ್ ಪೊಟ್ಯಾಸಿಯಂ ಚಾನೆಲ್‌ನಲ್ಲಿ ಗುಂಡು ಸಿಕ್ಕೇಬಿಟ್ಟಿತು. ಪ್ರೋಟೀನ್ ತುದಿಯ ಸುಮಾರು 20 ಅಮೈನೋ ಆಮ್ಲಗಳು. ಅದನ್ನು ಕತ್ತರಿಸಿದರೆ ಬೇಗ ಮುಚ್ಚುವ ಗುಣ ಮಾಯ, ಅದೇ ತುಂಡನ್ನು ಬೇರೆ ತಯಾರಿಸಿ ಹಾಕಿದರೆ ವಾಪಸ್. ಎಂಥ ಚೆಂದದ ಪ್ರಯೋಗ! ಅಲ್ಲಿಗೆ ಬಿರಡೆ ಅನ್ನೋ ಮಾತು ಸರಿ.

ಸೋಡಿಯಂ ಚಾನೆಲ್ ಬೇರೆ. ಅದರಲ್ಲಿ ನಾಲ್ಕು ಭಾಗ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಕೊಂಡಿ, ಆ ಕೊಂಡಿಯಲ್ಲಿ ಮುಚ್ಚುವ ಕೆಲಸಕ್ಕೆ ಮುಖ್ಯವಾದದ್ದು ಐಸೊಲ್ಯೂಸಿನ್, ಫಿನೈಲ್‌ಅಲನಿನ್, ಮೆಥಿಯೋನಿನ್ ಅನ್ನುವ ಮೂರೇ ಮೂರು ಅಮೈನೋ ಆಮ್ಲ. ಅದೂ ತೂತಿಗೆ ಬಡಿದು ಕೂರುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2017ರಲ್ಲಿ ಎಲೆಕ್ಟ್ರಿಕ್ ಈಲ್ ಮೀನಿನ ಸೋಡಿಯಂ ಚಾನೆಲ್‌ನ ರಚನೆ ಬಂತು. ನೋಡಿದರೆ ಆ ಮೂರೂ ತೂತಿನಲ್ಲಿ ಇಲ್ಲ, ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿವೆ.

ನಮ್ಮ ಮನೆ ಕೊಟ್ಟಿಗೆ ಬಾಗಿಲು ಪೂರ್ತಿ ತೆರೆದರೆ ಗೋಡೆಗೆ ಹತ್ತಿರ ಬರುತ್ತದೆ. ಆ ಗೋಡೆಗೂ ಬಾಗಿಲಿಗೂ ನಡುವೆ ಮರದ ಬೆಣೆ ಹೊಡೆಯುತ್ತಾ ಹೋಗಿ, ಬಾಗಿಲು ತಾನಾಗಿ ಮುಚ್ಚುವ ಕಡೆ ಸರಿಯುತ್ತದೆ. ಹೊಸಿಲಲ್ಲಿ ಯಾರೂ ನಿಂತಿಲ್ಲ, ಆದರೂ ದಾರಿ ಬಂದ್. ಸೋಡಿಯಂ ಚಾನೆಲ್‌ನಲ್ಲಿ ಆಗುವುದು ಹೀಗೇ, ಆ ಮೂರು ಅಮೈನೋ ಆಮ್ಲಗಳೇ ಬೆಣೆ.

ಈಗ ವೋಲ್ಟೇಜ್ ಎಲ್ಲಿ ಬಂತು ಅಂತೀರಾ? ಬೆಣೆಗೆ ವೋಲ್ಟೇಜ್ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅದು ಗೊತ್ತಾಗುವುದು ಎಸ್4 ಅನ್ನುವ ಸುರುಳಿಗೆ, ಅದರಲ್ಲಿ ಪ್ರತಿ ಮೂರನೇ ಜಾಗದಲ್ಲಿ ಧನ ಆವೇಶ. ನಾಲ್ಕೂ ಭಾಗದಲ್ಲಿ ಒಂದೊಂದು ಎಸ್4 ಇದೆ, ನಾಲ್ಕನೇ ಭಾಗದ್ದು ಉಳಿದವಕ್ಕಿಂತ ತಡವಾಗಿ ಮೇಲೇಳುತ್ತದೆ. ಅದು ಎದ್ದಾಗಲೇ ಬೆಣೆಗೆ ಸಂದಿ ಸಿಗೋದು. ಆ ಚೂರು ತಡದಲ್ಲೇ ಸೋಡಿಯಂ ಒಳಗೆ ನುಗ್ಗಿ ನರದ ಸಂದೇಶ ಹೊರಟಿರುತ್ತದೆ. ಒಳಗಿನ ವೋಲ್ಟೇಜ್ ಮತ್ತೆ ಋಣಕ್ಕೆ ಇಳಿಯುವ ತನಕ ಬೆಣೆ ಬಿಡುವುದಿಲ್ಲ. ಅಲ್ಲಿಯವರೆಗೆ ನರ ಹೊಸ ಸಂದೇಶ ಕಳಿಸಲಾರದು, ಮಕ್ಕಳು ಉರುಹೊಡೆಯುವ ರಿಫ್ರ್ಯಾಕ್ಟರಿ ಪೀರಿಯಡ್ ಇದೇ!

ಇದು ಬರೀ ಚಿತ್ರದ ಜಗಳ ಅಲ್ಲ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಸುಮ್ಮನಿರುವ ಚಾನೆಲ್‌ಗಿಂತ ಹೀಗೆ ಬೆಣೆ ಬಿದ್ದ ಚಾನೆಲ್‌ಗೆ ಜಾಸ್ತಿ ಅಂಟಿಕೊಳ್ಳುತ್ತದೆ. ಇನ್ನು ಕೆಲವು ಮನೆತನಗಳಲ್ಲಿ ಹೃದಯದ ಸೋಡಿಯಂ ಚಾನೆಲ್‌ನ ಇದೇ ಕೊಂಡಿಯಲ್ಲಿ ಬೇರೆ ಮೂರು ಅಮೈನೋ ಆಮ್ಲ ಕಳೆದುಹೋಗಿರುತ್ತವೆ. ಮುಚ್ಚಬೇಕಾದ ಬಾಗಿಲು ಆಗಾಗ ಮತ್ತೆ ತೆರೆಯುತ್ತದೆ, ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅವಧಿ, ಅಂದರೆ ಹೃದಯದ ಕೆಳಕೋಣೆಗಳು ಪ್ರಚೋದನೆಗೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರಲು ಹಿಡಿಯುವ ಸಮಯ, ಉದ್ದವಾಗುತ್ತದೆ, ಚಿಕ್ಕ ವಯಸ್ಸಿನವರ ಜೀವಕ್ಕೇ ಅಪಾಯ.

ಅದಕ್ಕೇ ಪಾಠ ಮಾಡುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಬೋರ್ಡ್ ಮೇಲೆ ಬರೆಯುವಾಗ ತೂತನ್ನು ಖಾಲಿ ಬಿಡಿ, ನಾಲ್ಕನೇ ಎಸ್4 ಮೇಲೆದ್ದಿರಲಿ, ಬೆಣೆಯನ್ನು ಪಕ್ಕದ ಸಂದಿಯಲ್ಲಿ ಬರೆಯಿರಿ.