ಹಗೇವಿನೊಳಗಿನ ಬಿಸಿಲು

ಕೇಳುಗ ಬಾಂಧವರೆ, ನಮಸ್ಕಾರ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ ನಮ್ಮ ವಿಜಯಪುರ ಸೀಮೆಯ ಎರೆ ಹೊಲಗಳಲ್ಲಿ ಸೀತನಿಯ ದಿನಗಳು. ಬದುವಿನ ಪಕ್ಕ ಕುಣಿ ತೋಡಿ, ಕುಳ್ಳು ಹೊತ್ತಿಸಿ, ಕೆಂಡದಲ್ಲಿ ಹಾಲ್ದುಂಬಿದ ಜೋಳದ ತೆನೆ ಸುಡುತ್ತೇವೆ. ಬಿಸಿ ಇರುವಾಗಲೇ ತಿಕ್ಕಿದರೆ ಹಸಿರು ಕಾಳು ಉದುರುತ್ತದೆ. ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಂಡರೆ ಎಳೆ ಸಿಹಿ. ಕೆಲವು ದಿನ ತಡೆದರೆ ಆ ಸಿಹಿ ಸಿಗುವುದಿಲ್ಲ, ಕಾಳು ಗಟ್ಟಿಯಾಗುತ್ತದೆ. ಸಿಹಿ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಕಾಳಿನೊಳಗೇ ಪಿಷ್ಟವಾಗಿ ಕೂತಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಬೇರು ತಂದ ನೀರನ್ನೂ ಕೂಡಿಸಿ ಜೋಳದ ಎಲೆ ಬಿಸಿಲಿನ ಬಲದಿಂದ ಸಕ್ಕರೆ ಕಟ್ಟುತ್ತದೆ. ಸಕ್ಕರೆ ನೀರಲ್ಲಿ ಕರಗಿ ಹರಿಯುವಂಥದ್ದು, ಸಾಗಿಸಲು ಸುಲಭ. ಬಹಳ ದಿನ ಇಡಬೇಕಾದರೆ ಪಿಷ್ಟವೇ ಆಗಬೇಕು. ಹೊಲದ ಮೇಲೆ ಬಿದ್ದ ಬಿಸಿಲಿನಲ್ಲಿ ಬೆಳೆ ಹೀಗೆ ಹಿಡಿದಿಡುವುದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಅಕ್ಕಡಿ ಸಾಲಿನ ಕುಸುಬಿ ತನ್ನ ಪಾಲನ್ನು ಎಣ್ಣೆಯಾಗಿ ಇಡುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲರಿ ಇದ್ದರೆ ಎಣ್ಣೆಯಲ್ಲಿ 9.

ಜೋಳ ಕಬ್ಬಿನ ಬಳಗದ್ದು. ಬಿರುಬಿಸಿಲಲ್ಲೂ ಇಂಗಾಲವನ್ನು ಸೋರಗೊಡದೆ ಹಿಡಿಯುವ ವಿಶೇಷ ದಾರಿ ಎರಡಕ್ಕೂ ಉಂಟು. ಕಬ್ಬಿನಲ್ಲಿ ಆ ದಾರಿಯನ್ನು 1966ರಲ್ಲಿ ಬಿಡಿಸಿ ತೋರಿಸಿದವರು ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್.

ನನಗೆ ಈ ಬೆಳೆಯ ಮೇಲೆ ಗೌರವ ಹೆಚ್ಚಾದದ್ದು ಮಾತ್ರ ಇನ್ನೊಂದು ಸಂಗತಿಯಿಂದ. ಹಿಂಗಾರಿ ಜೋಳ ಕಾಳು ಕಟ್ಟುವ ಹೊತ್ತಿಗೆ ಮಳೆ ಮುಗಿದಿರುತ್ತದೆ, ಎರೆ ಬಿರಿದು ಕೈ ತೂರುವಷ್ಟು ಬಾಯಿ ಬಿಡುತ್ತದೆ. ನೀರಿಲ್ಲದೆ ಎಲೆಯ ಕೆಲಸ ಕುಂದುತ್ತದೆ. ಆಗ ದಂಟಿನಲ್ಲಿ ಮೊದಲೇ ಕೂಡಿಟ್ಟಿದ್ದ ಸಕ್ಕರೆ ಮೇಲೇರಿ ತೆನೆ ಸೇರುತ್ತದೆ. ನಮ್ಮ ಡೋಣಿ ನದಿಯ ಸೀಮೆಯನ್ನು ಕುರಿತು ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎನ್ನುತ್ತೇವಲ್ಲ, ಆ ಕಾಳಿನಲ್ಲಿ ಹೀಗೆ ದಂಟು ಬಿಟ್ಟುಕೊಟ್ಟ ಪಾಲೂ ಇದೆ. ಉಳಿದ ಕಣಿಕಿಯನ್ನು ದನ ತಿಂದು, ಸಗಣಿ ಕುಳ್ಳಾಗಿ, ಮುಂದಿನ ಸೀತನಿಯ ಕೆಂಡವಾಗುತ್ತದೆ. ಹೋದ ವರ್ಷದ ಬಿಸಿಲಿನಲ್ಲಿ ಈ ವರ್ಷದ ಬಿಸಿಲನ್ನು ಸುಟ್ಟು ತಿನ್ನುತ್ತೇವೆ.

ಕೂಡಿಡುವವರು ನಾವಷ್ಟೇ ಅಲ್ಲ. ಹೊಲದ ಹೆಗ್ಗಣವೂ ತೆನೆ ಕಡಿದು ಬಿಲಕ್ಕೆ ಎಳೆದೊಯ್ಯುತ್ತದೆ. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಓಡಾಟಕ್ಕೆ, ಮೈಬಿಸಿಗೆ ಹೆಚ್ಚಿನದೆಲ್ಲ ಖರ್ಚು. ಒಂದು ಹಂತದಿಂದ ಮುಂದಿನದಕ್ಕೆ ದಾಟುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದವರು 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್, ಒಂದು ಸಣ್ಣ ಕೆರೆಯನ್ನು ಅಭ್ಯಾಸ ಮಾಡಿ. ಹೆಗ್ಗಣಗಳು ನೂರಾರು ಇರುವ ಸೀಮೆಯಲ್ಲಿ ಗೂಗೆ ಬೆರಳೆಣಿಕೆಯಷ್ಟೇ ಇರುವುದಕ್ಕೆ ಕಾರಣ ಇದೇ.

ಹಗೇವಿನಲ್ಲಿ, ಅಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಕುಣಿಯಲ್ಲಿ, ತುಂಬಿಟ್ಟ ಜೋಳವೂ ಖರ್ಚು ಮಾಡುತ್ತಿರುತ್ತದೆ. ಒಣಗಿದ್ದರೂ ಕಾಳಿಗೆ ಜೀವವಿದೆ, ಮೆಲ್ಲಗೆ ಉಸಿರಾಡುತ್ತದೆ. ಎಲೆ ಹಗಲೆಲ್ಲ ಮಾಡಿದ ಕೆಲಸ ಇಲ್ಲಿ ಹಿಂದುಮುಂದಾಗಿ ನಡೆಯುತ್ತದೆ: ಪಿಷ್ಟ ಕರಗುತ್ತದೆ, ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಬಾಯಿ ಮುಚ್ಚಿದ ಹಗೇವಿನಲ್ಲಿ ನುಸಿ ಸಾಯುವುದು ಇದರಿಂದಲೇ. ಇಳಿದ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಹಿರಿಯರು ಹಗೇವು ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಹಗೇವು ಇದ್ದು ಅದನ್ನು ತೆಗೆಸುವವರಿದ್ದರೆ, ದಯಮಾಡಿ ಕೇಳಿ: ದೀಪ ಉರಿಯಿತು ಎಂದಷ್ಟಕ್ಕೇ ನಂಬಬೇಡಿ, ಬಾಯಿ ತೆರೆದು ಚೆನ್ನಾಗಿ ಗಾಳಿಯಾಡಲು ಬಿಡಿ, ಒಬ್ಬರೇ ಎಂದೂ ಇಳಿಯಬೇಡಿ.

ನಮಸ್ಕಾರ.